ಟಿವಿ ಮಾತಿನಿಂದ ಮನೆಮಾತಾದ, ಅದೇ ಮಾತಿಗೆ ಕೆಲಸ ಕಳ್ಕೊಂಡ ಬ್ರಿಯಾನ್ ಕ್ಲಫ್

ಮ್ಯಾಚ್ ನಡೀತಿರುವಾಗ ಟೀ ಅಂಗಡಿಯ ಟಿವಿ ಮುಂದೆ ಒಂದೈದು ನಿಮಿಷ ನಿಂತರೆ ಸಾಕು. ಆಟಗಾರರಿಗೆ ಬೀಳುವ ಬೈಗುಳಕ್ಕಿಂತ, ಕೋಟು ಹಾಕ್ಕೊಂಡು ಸ್ಟುಡಿಯೋದಲ್ಲಿ ಕೂತು ವಿಶ್ಲೇಷಣೆ ಮಾಡೋರಿಗೆ ಬೀಳುವ ಬೈಗುಳವೇ ಜಾಸ್ತಿ. ಇವನಿಗೇನು ಗೊತ್ತು, ಇವನ ಬಾಯಿ ಮುಚ್ಚಿಸ್ರಪ್ಪ ಅಂತ ಒಬ್ಬರು. ಇಲ್ಲ, ಇವನೊಬ್ಬನೇ ಸರಿಯಾಗಿ ಹೇಳೋದು ಅಂತ ಇನ್ನೊಬ್ಬರು. ಐಪಿಎಲ್ ಇರಲಿ, ವಿಶ್ವಕಪ್ ಫುಟ್‌ಬಾಲ್ ಇರಲಿ, ಈ ಜಗಳ ತಪ್ಪಿದ್ದಲ್ಲ.

ಈ ಜಗಳ ಹಳೇದು. ಇಂಗ್ಲೆಂಡಿನಲ್ಲಿ ಐವತ್ತು ವರ್ಷದ ಹಿಂದೆ ಇದೇ ಜಗಳದ ನಡುವೆ ನಿಂತಿದ್ದವನು ಬ್ರಿಯಾನ್ ಕ್ಲಫ್. ದೊಡ್ಡ ಫುಟ್‌ಬಾಲ್ ಮ್ಯಾನೇಜರ್, ಅಷ್ಟೇ ದೊಡ್ಡ ಬಾಯಿ. ಅವನು ಟಿವಿಯಲ್ಲಿ ಬಂದರೆ ಅರ್ಧ ದೇಶ ಚಪ್ಪಾಳೆ ತಟ್ಟುತ್ತಿತ್ತು, ಇನ್ನರ್ಧ ದೇಶ ಹಲ್ಲು ಕಡಿಯುತ್ತಿತ್ತು. ಎದ್ದು ಹೋಗಿ ಟಿವಿ ಆಫ್ ಮಾಡಿದವರು ಮಾತ್ರ ಕಮ್ಮಿ.

ಮಿಠಾಯಿ ಕಾರ್ಖಾನೆ ಕಾರ್ಮಿಕನ ಮಗ

ಕ್ಲಫ್ ಹುಟ್ಟಿದ್ದು 1935ರ ಮಾರ್ಚ್ 21ರಂದು, ಇಂಗ್ಲೆಂಡಿನ ಈಶಾನ್ಯ ಭಾಗದ ಮಿಡಲ್ಸ್‌ಬರೋ ಪಟ್ಟಣದಲ್ಲಿ. ಉಕ್ಕಿನ ಕಾರ್ಖಾನೆಗಳ, ದುಡಿಯೋ ಜನರ ಊರು ಅದು. ಅಪ್ಪನಿಗೆ ಮಿಠಾಯಿ ತಯಾರಿಸುವ ಕಡೆ ಕೆಲಸ. ಮನೆ ತುಂಬ ಮಕ್ಕಳು. ಹನ್ನೊಂದನೇ ವಯಸ್ಸಿನಲ್ಲಿ ಬರೆಯಬೇಕಿದ್ದ ಪರೀಕ್ಷೆಯಲ್ಲಿ ಈ ಹುಡುಗ ಫೇಲಾದ. ಹದಿನೈದಕ್ಕೆ ಶಾಲೆ ಬಿಟ್ಟ. ರಾಸಾಯನಿಕ ಕಂಪನಿಯೊಂದರಲ್ಲಿ ಸಣ್ಣ ಕೆಲಸ, ಆಮೇಲೆ ಕಡ್ಡಾಯ ಸೈನಿಕ ಸೇವೆ. ಕೈಯಲ್ಲಿ ಸರ್ಟಿಫಿಕೇಟ್ ಇಲ್ಲ ಅನ್ನೋದನ್ನು ದೊಡ್ಡವನಾದ ಮೇಲೂ ಅವನು ಮರೆಯಲಿಲ್ಲ. ಕೋಟು-ಟೈ ಕಟ್ಟಿದ ನಿರ್ದೇಶಕರು, ಅಧ್ಯಕ್ಷರು ಅಂದರೆ ಅವನಿಗೆ ಮೈಯೆಲ್ಲ ಉರಿ. ಆ ಉರಿ ಮುಂದೆ ಟಿವಿಯಲ್ಲಿ ಎಲ್ಲರಿಗೂ ಕಾಣಿಸಿತು.

ಆಟದಲ್ಲಿ ಮಾತ್ರ ಅವನನ್ನು ಫೇಲ್ ಮಾಡೋರು ಯಾರೂ ಇರಲಿಲ್ಲ. ಮೊದಲು ಮಿಡಲ್ಸ್‌ಬರೋ, ಆಮೇಲೆ ಸಂಡರ್‌ಲ್ಯಾಂಡ್. ಎರಡೂ ಕ್ಲಬ್ ಸೇರಿ 274 ಲೀಗ್ ಪಂದ್ಯಗಳಲ್ಲಿ 251 ಗೋಲು. ಹೆಚ್ಚುಕಮ್ಮಿ ಪಂದ್ಯಕ್ಕೊಂದು ಗೋಲಿನ ಲೆಕ್ಕ ಇದು. ಆದರೂ ಇಂಗ್ಲೆಂಡ್ ತಂಡದಲ್ಲಿ ಅವನಿಗೆ ಸಿಕ್ಕಿದ್ದು ಬರೀ ಎರಡು ಪಂದ್ಯ, 1959ರಲ್ಲಿ. ಆಯ್ಕೆ ಮಾಡೋರ ಮೇಲೆ ಅವನಿಗೆ ಸಿಟ್ಟು ಹುಟ್ಟಿದ್ದು ಇಲ್ಲಿಂದ ಅಂದರೆ ತಪ್ಪಾಗಲಿಕ್ಕಿಲ್ಲ.

1962ರ ಡಿಸೆಂಬರ್ 26, ಕ್ರಿಸ್‌ಮಸ್ ಮಾರನೇ ದಿನ. ಸಂಡರ್‌ಲ್ಯಾಂಡ್ ಮೈದಾನದಲ್ಲಿ ಬರಿ ತಂಡದ ಮೇಲೆ ಪಂದ್ಯ. ಚೆಂಡಿನ ಹಿಂದೆ ಓಡಿದ ಕ್ಲಫ್ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದ. ಮೊಣಕಾಲಿನ ಒಳಗಿನ ತಂತುಗಳೇ ಹರಿದುಹೋದವು. ಆ ಕಾಲದಲ್ಲಿ ಅದಕ್ಕೆ ಇವತ್ತಿನಂಥ ಚಿಕಿತ್ಸೆ ಇರಲಿಲ್ಲ. ಸುಮಾರು ಎರಡು ವರ್ಷ ಕಾದು ಮತ್ತೆ ಮೂರು ಪಂದ್ಯ ಆಡಿ ನೋಡಿದ, ಆಗಲಿಲ್ಲ. ಇಪ್ಪತ್ತೊಂಬತ್ತಕ್ಕೇ ಆಟಗಾರನ ಬದುಕು ಮುಗೀತು.

ಬಸ್ ಓಡಿಸಿದ ಮ್ಯಾನೇಜರ್

1965ರಲ್ಲಿ ಹಾರ್ಟ್ಲ್‌ಪೂಲ್ಸ್ ಅನ್ನೋ ಬಡ ಕ್ಲಬ್ಬೊಂದು ಅವನನ್ನು ಕರೆಯಿತು. ಲೀಗಿನ ಕೊನೇ ಡಿವಿಷನ್‌ನಲ್ಲಿ, ಅದರಲ್ಲೂ ತಳದಲ್ಲಿ ಒದ್ದಾಡುತ್ತಿದ್ದ ತಂಡ. ಕ್ಲಫ್‌ಗೆ ಆಗ ಮೂವತ್ತು ವರ್ಷ. ಜೊತೆಗೆ ಕರ್ಕೊಂಡು ಹೋಗಿದ್ದು ಹಳೇ ಗೆಳೆಯ ಪೀಟರ್ ಟೇಲರ್‌ನನ್ನು. ಯಾವ ಹುಡುಗನ ಕಾಲಲ್ಲಿ ಆಟ ಇದೆ ಅಂತ ಗುರುತಿಸೋದು ಟೇಲರ್ ಕೆಲಸ, ಆ ಹುಡುಗನಿಂದ ಆಟ ಆಡಿಸೋದು ಕ್ಲಫ್ ಕೆಲಸ. ಕ್ಲಬ್ಬಿನ ಹತ್ತಿರ ಕಾಸಿಲ್ಲ. ಕ್ಲಫ್ ಸಂಬಳ ಬಿಟ್ಟು ದುಡಿದ, ಊರಿನ ಪಬ್ಬು, ಕ್ಲಬ್ಬುಗಳಿಗೆ ಹೋಗಿ ಚಂದಾ ಎತ್ತಿದ, ತಂಡದ ಬಸ್ ತಾನೇ ಓಡಿಸಲು ಲೈಸೆನ್ಸ್ ಕೂಡ ಮಾಡಿಸಿಕೊಂಡ. ಇದನ್ನೆಲ್ಲ ಪತ್ರಿಕೆಯವರ ಮುಂದೆಯೇ ಮಾಡಿದ ಅನ್ನೋದು ಬೇರೆ ಮಾತು. ಪ್ರಚಾರ ಹೇಗೆ ಗಿಟ್ಟಿಸಬೇಕು ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1967ರಲ್ಲಿ ಡರ್ಬಿ ಕೌಂಟಿ. ಎರಡನೇ ಡಿವಿಷನ್‌ನಲ್ಲಿ ಮಲಗಿದ್ದ ಕ್ಲಬ್ ಎರಡು ವರ್ಷದಲ್ಲಿ ಮೇಲೇರಿತು. 1972ರಲ್ಲಿ ಇಡೀ ಇಂಗ್ಲೆಂಡಿಗೇ ಚಾಂಪಿಯನ್ ಆಯಿತು. ಅದೂ ಒಂದೇ ಒಂದು ಪಾಯಿಂಟ್ ಅಂತರದಲ್ಲಿ, ಲೀಡ್ಸ್, ಲಿವರ್‌ಪೂಲ್, ಮ್ಯಾಂಚೆಸ್ಟರ್ ಸಿಟಿ ಮೂರನ್ನೂ ಹಿಂದೆ ಹಾಕಿ. ಡರ್ಬಿಯ ಪಂದ್ಯಗಳು ಮುಗಿದಿದ್ದವು. ಉಳಿದವರ ಫಲಿತಾಂಶ ಬಂದು ಚಾಂಪಿಯನ್‌ಪಟ್ಟ ಖಾತ್ರಿಯಾದ ರಾತ್ರಿ ಆಟಗಾರರು ಸ್ಪೇನಿನ ಮಜೋರ್ಕಾ ದ್ವೀಪದಲ್ಲಿ ರಜೆಯಲ್ಲಿದ್ದರು. ಕ್ಲಫ್ ಹೆಂಡತಿ ಮಕ್ಕಳ ಜೊತೆ ಇನ್ಯಾವುದೋ ದ್ವೀಪದಲ್ಲಿದ್ದ.

ಸ್ಟುಡಿಯೋದ ಕುರ್ಚಿ

ಆಗ ಬ್ರಿಟನ್ನಿನಲ್ಲಿ ಇದ್ದಿದ್ದೇ ಮೂರು ಚಾನೆಲ್. ಬಿಬಿಸಿಯದು ಎರಡು, ಜಾಹೀರಾತಿನ ದುಡ್ಡಲ್ಲಿ ನಡೆಯೋ ಐಟಿವಿ ಒಂದು. ಈಗಿನ ಹಾಗೆ ದಿನಾ ಲೈವ್ ಮ್ಯಾಚ್ ಇರಲಿಲ್ಲ. ಲೀಗ್ ಪಂದ್ಯಗಳ ಆಯ್ದ ತುಣುಕು ಶನಿವಾರ ರಾತ್ರಿ ಬಿಬಿಸಿಯಲ್ಲಿ, ಭಾನುವಾರ ಮಧ್ಯಾಹ್ನ ಐಟಿವಿಯಲ್ಲಿ. ಎಫ್‌ಎ ಕಪ್ ಫೈನಲ್, ದೇಶದ ತಂಡದ ದೊಡ್ಡ ಪಂದ್ಯ, ವಿಶ್ವಕಪ್ ಇಂಥವು ಮಾತ್ರ ನೇರ ಪ್ರಸಾರ. ಹಾಗಾಗಿ ಒಬ್ಬ ಮನುಷ್ಯ ಟಿವಿಯಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡಿದ ಅಂದರೆ ಇಡೀ ದೇಶ ಅದೇ ಮಾತು ಕೇಳಿರುತ್ತಿತ್ತು. ಮರುದಿನ ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ಚರ್ಚೆ.

1970ರ ಮೆಕ್ಸಿಕೋ ವಿಶ್ವಕಪ್ ಹೊತ್ತಿಗೆ ಐಟಿವಿ ಒಂದು ಪ್ರಯೋಗ ಮಾಡಿತು. ಹಿಂದೆ ಕವೆಂಟ್ರಿ ತಂಡದ ಮ್ಯಾನೇಜರ್ ಆಗಿದ್ದ ಜಿಮ್ಮಿ ಹಿಲ್ ಆಗ ಲಂಡನ್ನಿನ ಟಿವಿ ಕಂಪನಿಯಲ್ಲಿ ಕ್ರೀಡಾ ವಿಭಾಗದ ಮುಖ್ಯಸ್ಥ. ಲಂಡನ್ ಸ್ಟುಡಿಯೋದಲ್ಲಿ ಮಾಲ್ಕಮ್ ಆಲಿಸನ್, ಡೆರೆಕ್ ಡೂಗನ್, ಪ್ಯಾಟ್ ಕ್ರೆರಾಂಡ್, ಬಾಬ್ ಮೆಕ್‌ನ್ಯಾಬ್ ಅನ್ನೋ ನಾಲ್ವರನ್ನು ಸಾಲಾಗಿ ಕೂರಿಸಿ, ಪಂದ್ಯದ ಮೊದಲು, ನಡುವೆ, ಆಮೇಲೆ ಮಾತಿಗೆ ಬಿಟ್ಟರು. ಬಣ್ಣಬಣ್ಣದ ಅಂಗಿ, ಬಾಯಲ್ಲಿ ಸಿಗಾರು, ಒಬ್ಬರ ಮೇಲೊಬ್ಬರು ಬಿದ್ದು ವಾದ. ಅಲ್ಲಿಯವರೆಗೆ ಟಿವಿಯ ಫುಟ್‌ಬಾಲ್ ಮಾತು ಅಂದರೆ ಮೇಷ್ಟ್ರು ಪಾಠ ಮಾಡಿದ ಹಾಗಿತ್ತು. ಇದು ಸಂತೆ ಕಟ್ಟೆಯ ಜಗಳದಂತಿತ್ತು. ಜನ ಮುಗಿಬಿದ್ದು ನೋಡಿದರು. ಇವತ್ತು ನಮ್ಮ ಚಾನೆಲ್‌ಗಳಲ್ಲಿ ಮ್ಯಾಚಿಗೆ ಮುಂಚೆ ಅರ್ಧ ಗಂಟೆ ನಾಲ್ಕು ಜನ ಕೂತು ಕೊರೀತಾರಲ್ಲ, ಅದರ ಮೂಲ ಅಲ್ಲೇ ಇದೆ. ಬೈಯೋದಿದ್ದರೆ ಅವರಿಂದಲೇ ಶುರು ಮಾಡಬಹುದು.

ಆ ಬಗೆಯ ಕುರ್ಚಿಗೆ ಕ್ಲಫ್ ಹೇಳಿ ಮಾಡಿಸಿದ ಹಾಗಿದ್ದ. ಎಳೆದು ಎಳೆದು, ಮೂಗಿನಿಂದ ಬರುವ ಉತ್ತರದ ಕಡೆಯ ಮಾತು. ಒಂದು ವಾಕ್ಯ ಹೇಳಿ ಸ್ವಲ್ಪ ನಿಲ್ಲೋದು, ಎದುರಿನವನ ಹೆಸರು ಹಿಡಿದು ಕರೆಯೋದು, ಆಮೇಲೆ ಚುಚ್ಚೋದು. ಬೇರೆ ತಜ್ಞರು ನೋವಾಗದ ಹಾಗೆ ಸುತ್ತಿ ಬಳಸಿ ಹೇಳುತ್ತಿದ್ದರು. ಇವನು ಇಂಥ ಆಟಗಾರ ಸೋಮಾರಿ, ಇಂಥ ಅಧ್ಯಕ್ಷನಿಗೆ ಆಟದ ಗಂಧವಿಲ್ಲ ಅಂತ ನೇರವಾಗಿ ಹೇಳಿಬಿಡುತ್ತಿದ್ದ. ಮೈಕ್ ಯಾರ್‌ವುಡ್ ಎಂಬ ಪ್ರಸಿದ್ಧ ಮಿಮಿಕ್ರಿ ಕಲಾವಿದ ಕ್ಲಫ್‌ನ ಅನುಕರಣೆ ಶುರು ಮಾಡಿದ ಮೇಲೆ ಫುಟ್‌ಬಾಲ್ ಗೊತ್ತಿಲ್ಲದವರಿಗೂ ಅವನ ದನಿ ಗೊತ್ತಾಯಿತು. 1973ರಲ್ಲಿ ಇಂಡೋನೇಷ್ಯಾದಲ್ಲಿ ಪಂದ್ಯಕ್ಕೆ ತಯಾರಾಗುತ್ತಿದ್ದ ಬಾಕ್ಸರ್ ಮೊಹಮ್ಮದ್ ಅಲಿಯೇ ಕ್ಯಾಮೆರಾ ಮುಂದೆ ಇವನ ಹೆಸರೆತ್ತಿ, ಲಂಡನ್ನಿನಲ್ಲಿ ಯಾರೋ ನನಗಿಂತ ಜಾಸ್ತಿ ಮಾತಾಡ್ತಾನಂತೆ, ಸಾಕು ನಿಲ್ಲಿಸಲಿ ಅಂತ ತಮಾಷೆ ಮಾಡಿದ. ಅಲಿ ಬಾಯಲ್ಲಿ ಹಾಗನ್ನಿಸಿಕೊಳ್ಳೋದು ಅಂದರೆ ಸಾಮಾನ್ಯವೇ?

ನೋಡುವವರು ಎರಡು ಭಾಗವಾದರು. ದುಡಿಯೋ ಜನಕ್ಕೆ ಅವನು ತಮ್ಮ ಪರವಾಗಿ ದೊಡ್ಡವರಿಗೆ ಬೈಯೋ ಮನುಷ್ಯ. ಇನ್ನು ಕೆಲವರಿಗೆ ಬರೀ ಜಂಬದ ಕೋಳಿ. ಕ್ಲಬ್ ನಡೆಸೋ ಬಿಟ್ಟು ಟಿವಿಯಲ್ಲಿ ಕೂತ ಅನ್ನೋದು ಅವರ ದೂರು. ಈ ಎರಡನೇ ಗುಂಪಿನಲ್ಲಿ ಒಬ್ಬ ಬಹಳ ಮುಖ್ಯವಾದ ಪ್ರೇಕ್ಷಕ ಇದ್ದ. ಅವನೇ ಡರ್ಬಿ ಕ್ಲಬ್ಬಿನ ಅಧ್ಯಕ್ಷ ಸ್ಯಾಮ್ ಲಾಂಗ್ಸನ್.

ಲಾರಿ ಮಾಲೀಕನ ಸಿಟ್ಟು

ಲಾಂಗ್ಸನ್ ಸಾಗಾಣಿಕೆ ವ್ಯಾಪಾರದಲ್ಲಿ ದುಡ್ಡು ಮಾಡಿದವನು, ಲಾರಿಗಳ ಮಾಲೀಕ. ಮೊದಲು ಕ್ಲಫ್‌ನನ್ನು ಸ್ವಂತ ಮಗನ ಹಾಗೆ ನೋಡಿಕೊಂಡಿದ್ದ. ನಮ್ಮ ಮ್ಯಾನೇಜರ್ ಟಿವಿಯಲ್ಲಿ ಬರ್ತಾನೆ ಅನ್ನೋ ಹೆಮ್ಮೆಯೂ ಇತ್ತು. ಆದರೆ ಟಿವಿಯಲ್ಲಿ, ಪತ್ರಿಕೆಯಲ್ಲಿ ಕ್ಲಫ್ ಯಾರಿಗೆ ಬೈದರೂ ಉತ್ತರ ಹೇಳಬೇಕಾಗಿದ್ದು ಅಧ್ಯಕ್ಷ. 1973ರ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಯುವೆಂಟಸ್ ಎದುರು ಸೋತಾಗ ಇಟಲಿಯವರು ಮೋಸಗಾರರು ಅಂತ ಅಬ್ಬರಿಸಿದ. ಅದೇ ಆಗಸ್ಟ್‌ನಲ್ಲಿ ಪತ್ರಿಕೆಯೊಂದಕ್ಕೆ ಬರೆದು, ಒರಟಾಟ ಆಡೋ ಲೀಡ್ಸ್ ತಂಡವನ್ನು ಕೆಳಗಿನ ಡಿವಿಷನ್‌ಗೆ ತಳ್ಳಬೇಕಿತ್ತು ಅಂದ. ಫುಟ್‌ಬಾಲ್ ಸಂಸ್ಥೆ ನೋಟಿಸ್ ಕೊಟ್ಟಿತು.

ಲಾಂಗ್ಸನ್ ಕಡೆಗೆ ನೇರವಾಗಿ ಹೇಳಿದ: ಟಿವಿಯ ಕೆಲಸ, ಪತ್ರಿಕೆಯ ಬರವಣಿಗೆ ಕಡಿಮೆ ಮಾಡು, ಕ್ಲಬ್ ನೋಡಿಕೋ. ವ್ಯಾಪಾರ ಮಾಡೋರಿಗೆ ಈ ಮಾತು ಅರ್ಥವಾಗುತ್ತೆ. ಸಂಬಳ ಕೊಡೋ ಅಂಗಡಿ ಬಿಟ್ಟು ಕೆಲಸದವನು ಪಕ್ಕದ ರಸ್ತೆಯಲ್ಲಿ ಭಾಷಣ ಮಾಡ್ತಾ ನಿಂತರೆ ಯಾವ ಮಾಲೀಕ ಸುಮ್ಮನಿರ್ತಾನೆ? ಆದರೆ ಇನ್ನೊಂದು ಕಡೆಯೂ ಇದೆ. ಆ ಅಂಗಡಿಗೆ ಗಿರಾಕಿ ಬರ್ತಿದ್ದಿದ್ದೇ ಈ ಕೆಲಸದವನ ಹೆಸರಿಗೆ. ಡರ್ಬಿ ಅನ್ನೋ ಊರು ಎಲ್ಲಿದೆ ಅಂತ ಯುರೋಪಿಗೆ ತೋರಿಸಿದ್ದೇ ಅವನು.

ಅಕ್ಟೋಬರ್ 13ರ ಶನಿವಾರ ಡರ್ಬಿ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು ಅವರ ಮೈದಾನದಲ್ಲೇ ಸೋಲಿಸಿತು. ಗೆದ್ದ ಖುಷಿಯ ನಡುವೆಯೇ ನಿರ್ದೇಶಕರ ಜೊತೆ ಮತ್ತೆ ಕಿರಿಕಿರಿ. ಸೋಮವಾರ, 15ಕ್ಕೆ, ಕ್ಲಫ್ ಮತ್ತು ಟೇಲರ್ ಇಬ್ಬರೂ ರಾಜೀನಾಮೆ ಕೊಟ್ಟರು. ನಿರ್ದೇಶಕರು ಹೆದರಿ ಬೇಡ ಅಂತಾರೆ ಅನ್ನೋ ಲೆಕ್ಕಾಚಾರ ಇದ್ದಿರಬೇಕು. ಮರುದಿನ ನಿರ್ದೇಶಕರು ಸ್ವೀಕರಿಸಿಯೇ ಬಿಟ್ಟರು.

ಊರು ಹೊತ್ತಿಕೊಂಡಿತು. ಅಭಿಮಾನಿಗಳು ಬೀದಿಗಿಳಿದು ಹೋರಾಟ ಸಮಿತಿ ಕಟ್ಟಿದರು, ಆಟಗಾರರು ಇವರಿಬ್ಬರನ್ನು ವಾಪಸ್ ಕರೆಸಿ ಅಂತ ಪತ್ರ ಬರೆದರು. ಮುಂದಿನ ಪಂದ್ಯದ ದಿನ ಕ್ಲಫ್ ಮೈದಾನಕ್ಕೆ ಬಂದು ಕೈ ಬೀಸಿ ಹೋದಾಗ ಸ್ಟೇಡಿಯಂ ಎದ್ದು ನಿಂತಿತು. ಏನೂ ಪ್ರಯೋಜನ ಆಗಲಿಲ್ಲ.

ವೆಂಬ್ಲಿಯ ರಾತ್ರಿ

ಕೆಲಸ ಹೋದ ಮಾರನೇ ದಿನವೇ, ಅಂದರೆ ಅಕ್ಟೋಬರ್ 17ರ ಬುಧವಾರ, ಕ್ಲಫ್ ಮತ್ತೆ ಐಟಿವಿ ಕುರ್ಚಿಯಲ್ಲಿದ್ದ. ವೆಂಬ್ಲಿಯಲ್ಲಿ ಇಂಗ್ಲೆಂಡ್-ಪೋಲೆಂಡ್ ಪಂದ್ಯ. 1974ರ ವಿಶ್ವಕಪ್‌ಗೆ ಹೋಗಬೇಕಾದರೆ ಇಂಗ್ಲೆಂಡ್ ಗೆಲ್ಲಲೇಬೇಕು. ಜೂನ್‌ನಲ್ಲಿ ಪೋಲೆಂಡ್ ತನ್ನ ನೆಲದಲ್ಲಿ 2-0 ಹೊಡೆದಿತ್ತು. ಆದರೂ ಇಂಗ್ಲೆಂಡಿನಲ್ಲಿ ಯಾರಿಗೂ ಭಯ ಇರಲಿಲ್ಲ. ಪೋಲೆಂಡ್ ಗೋಲ್‌ಕೀಪರ್ ಯಾನ್ ತೊಮಾಶೆವ್‌ಸ್ಕಿಯನ್ನು ನೋಡಿ ಕ್ಲಫ್ ಅವನೊಬ್ಬ ಸರ್ಕಸ್ ಬಫೂನ್ ಅಂದುಬಿಟ್ಟ. ನಿರೂಪಕ ಬ್ರಿಯಾನ್ ಮೂರ್ ಪಕ್ಕದಲ್ಲೇ ಇದ್ದ. ದೇಶ ನಗಾಡಿತು.

ಆಟ ಶುರುವಾಯಿತು. ಇಂಗ್ಲೆಂಡ್ ಅಲೆ ಅಲೆಯಾಗಿ ನುಗ್ಗಿತು. ಆ ಬಫೂನ್ ಕಾಲಿನಲ್ಲಿ ತಡೆದ, ಮೊಣಕಾಲಿನಲ್ಲಿ ತಡೆದ, ಗಾಳಿಯಲ್ಲಿ ಹಾರಿ ತಡೆದ. ಕೆಲವು ಸಲ ಪುಸ್ತಕದಲ್ಲಿ ಇಲ್ಲದ ರೀತಿಯಲ್ಲೂ ತಡೆದ. ದ್ವಿತೀಯಾರ್ಧದಲ್ಲಿ ಪೋಲೆಂಡ್‌ನ ದೊಮಾರ್‌ಸ್ಕಿ ಗೋಲು ಹೊಡೆದ. ಸ್ವಲ್ಪ ಹೊತ್ತಿಗೆ ಆಲನ್ ಕ್ಲಾರ್ಕ್ ಪೆನಾಲ್ಟಿಯಲ್ಲಿ ಸಮ ಮಾಡಿದ. ಅಷ್ಟೇ. 1-1. ಇಂಗ್ಲೆಂಡ್ ವಿಶ್ವಕಪ್‌ನಿಂದ ಹೊರಗೆ. 1950ರಿಂದ ವಿಶ್ವಕಪ್‌ಗೆ ಪ್ರವೇಶ ಕೇಳುತ್ತಾ ಬಂದ ದೇಶ, 1966ರಲ್ಲಿ ಕಪ್ ಗೆದ್ದ ದೇಶ, ಮೊದಲ ಬಾರಿಗೆ ಅರ್ಹತೆ ಸಿಗದೆ ಮನೆಯಲ್ಲಿ ಉಳಿಯಿತು. ಕಪ್ ಗೆಲ್ಲಿಸಿದ್ದ ಮ್ಯಾನೇಜರ್ ಆಲ್ಫ್ ರ‍್ಯಾಮ್ಸೆಯ ಕೆಲಸವೂ ಮುಂದಿನ ವರ್ಷ ಹೋಯಿತು.

ಆ ಬಫೂನ್ ಏನಾದ? 1974ರ ವಿಶ್ವಕಪ್‌ನಲ್ಲಿ ಎರಡು ಪೆನಾಲ್ಟಿ ತಡೆದ, ಪೋಲೆಂಡ್ ಮೂರನೇ ಸ್ಥಾನ ಪಡೀತು. ಆ ವಿಶ್ವಕಪ್ಪನ್ನು ಕ್ಲಫ್ ನೋಡಿದ್ದು ಮತ್ತೆ ಟಿವಿ ಸ್ಟುಡಿಯೋದಿಂದಲೇ.

ಟಿವಿ ಪಂಡಿತರ ಇತಿಹಾಸದಲ್ಲಿ ಇಷ್ಟು ದೊಡ್ಡ ಎಡವಟ್ಟು ಇನ್ನೊಂದಿಲ್ಲ ಅನ್ನಬಹುದು. ಕ್ಲಫ್‌ಗೆ ಬೈಯುವವರಿಗೆ ಜೀವನಪರ್ಯಂತ ಸಾಕಾಗುವಷ್ಟು ಸಾಮಾನು ಸಿಕ್ಕಿತು. ವಿಚಿತ್ರ ಅಂದರೆ ಇದರಿಂದ ಅವನ ಟಿವಿ ಬೆಲೆ ಇಳಿಯಲಿಲ್ಲ. ತಜ್ಞ ಸರಿ ಹೇಳಲಿ ಅಂತ ಮಾತ್ರ ಜನ ನೋಡೋದಲ್ಲ, ತಪ್ಪು ಹೇಳಿದಾಗ ಹಿಡಿಯೋಣ ಅಂತಲೂ ನೋಡ್ತಾರೆ. ಚಾನೆಲ್‌ನವರಿಗೆ ಇದು ಆಗಲೇ ಗೊತ್ತಾಗಿತ್ತು.

44 ದಿನ, ಒಂದು ಸ್ಟುಡಿಯೋ

ಆಮೇಲೆ ಬ್ರೈಟನ್ ಅನ್ನೋ ಮೂರನೇ ಡಿವಿಷನ್ ಕ್ಲಬ್. ಅಲ್ಲಿ ಸ್ವಂತ ಮೈದಾನದಲ್ಲೇ 2-8 ಸೋಲು. 1974ರ ಬೇಸಿಗೆಯಲ್ಲಿ, ತಾನು ಟಿವಿಯಲ್ಲೂ ಪತ್ರಿಕೆಯಲ್ಲೂ ವರ್ಷಗಟ್ಟಲೆ ಬೈದಿದ್ದ ಅದೇ ಲೀಡ್ಸ್ ತಂಡಕ್ಕೆ ಮ್ಯಾನೇಜರ್ ಆಗಿ ಹೋದ. ಟೇಲರ್ ಈ ಸಲ ಜೊತೆಗೆ ಬರಲಿಲ್ಲ. ಅಲ್ಲಿನ ಆಟಗಾರರು ಅವನ ಒಂದೊಂದು ಮಾತನ್ನೂ ಟಿವಿಯಲ್ಲಿ ಕೇಳಿದ್ದವರೇ. ಮರೆಯೋದು ಹೇಗೆ? 44 ದಿನಕ್ಕೆ ಕೆಲಸದಿಂದ ತೆಗೆದರು.

ತೆಗೆದ ಆ ಸಂಜೆಯೇ, ಸೆಪ್ಟೆಂಬರ್ 12ರಂದು, ಯಾರ್ಕ್‌ಶೈರ್ ಟೆಲಿವಿಷನ್‌ನವರು ಅವನನ್ನೂ, ಅವನಿಗಿಂತ ಮೊದಲು ಲೀಡ್ಸ್ ಕಟ್ಟಿ ಬೆಳೆಸಿದ್ದ ಡಾನ್ ರೆವಿಯನ್ನೂ ಒಂದೇ ಸ್ಟುಡಿಯೋದಲ್ಲಿ ಅಕ್ಕಪಕ್ಕ ಕೂರಿಸಿದರು. ನಡುವೆ ನಿರೂಪಕ ಆಸ್ಟಿನ್ ಮಿಚೆಲ್. ಇವನು ಮುಂದೆ ಸಂಸತ್ ಸದಸ್ಯನಾದ. ಕೆಲಸ ಕಳೆದುಕೊಂಡು ಇನ್ನೂ ಒಂದು ದಿನವೂ ಆಗದ ಮನುಷ್ಯ, ತನಗೆ ಕಂಡರಾಗದವನ ಪಕ್ಕದಲ್ಲಿ ಕೂತು ಲೆಕ್ಕ ಒಪ್ಪಿಸಿದ. ಮಿಚೆಲ್ ಹೆಚ್ಚು ಮಾತಾಡದೆ ಇಬ್ಬರನ್ನೂ ಮಾತಿಗೆ ಬಿಟ್ಟ. ಒಳ್ಳೆ ನಿರೂಪಕ ಏನು ಮಾಡಬೇಕು ಅಂತ ಕೇಳೋರಿಗೆ ಆ ಕಾರ್ಯಕ್ರಮ ತೋರಿಸಬಹುದು. ಇವತ್ತಿಗೂ ಜನ ಹುಡುಕಿ ನೋಡ್ತಾರೆ.

ನಾಟಿಂಗ್‌ಹ್ಯಾಮ್

1975ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ. ಡರ್ಬಿಯಿಂದ ಅಷ್ಟೇನೂ ದೂರವಿಲ್ಲದ ಊರು, ಎರಡೂ ಊರಿನ ಅಭಿಮಾನಿಗಳಿಗೆ ಹಾವು ಮುಂಗುಸಿ ಸಂಬಂಧ. ಟೇಲರ್ ಮತ್ತೆ ಬಂದು ಸೇರಿಕೊಂಡ. 1977ರಲ್ಲಿ ಮೊದಲ ಡಿವಿಷನ್‌ಗೆ ಬಡ್ತಿ, 1978ರಲ್ಲಿ ಲೀಗ್ ಚಾಂಪಿಯನ್. ಸತತ 42 ಲೀಗ್ ಪಂದ್ಯ ಸೋಲಲಿಲ್ಲ. 1979ರಲ್ಲಿ ಮ್ಯೂನಿಕ್‌ನಲ್ಲಿ ಮಾಲ್ಮೋ ಮೇಲೆ, 1980ರಲ್ಲಿ ಮ್ಯಾಡ್ರಿಡ್‌ನಲ್ಲಿ ಹ್ಯಾಂಬರ್ಗ್ ಮೇಲೆ 1-0 ಗೆದ್ದು ಎರಡು ಯುರೋಪಿಯನ್ ಕಪ್. ಸಣ್ಣ ಊರಿನ ಕ್ಲಬ್ಬೊಂದು ಇಷ್ಟು ಎತ್ತರಕ್ಕೆ ಹೋಗಿದ್ದು ಫುಟ್‌ಬಾಲ್‌ನಲ್ಲಿ ಬಹಳ ಅಪರೂಪ.

ಆದರೂ ಇಂಗ್ಲೆಂಡ್ ತಂಡದ ಹೊಣೆ ಅವನಿಗೆ ಸಿಗಲಿಲ್ಲ. 1977ರಲ್ಲಿ ಸಂದರ್ಶನಕ್ಕೆ ಕರೆದರು, ಕೊನೆಗೆ ರಾನ್ ಗ್ರೀನ್‌ವುಡ್‌ಗೆ ಕೊಟ್ಟರು. ಟಿವಿ ನೋಡೋ ಜನರನ್ನು ಕೇಳಿದ್ದರೆ ಕ್ಲಫ್‌ನೇ ಆಗ್ತಿದ್ದ ಅನ್ನೋದು ಆಗಿನವರ ಮಾತು. ಆಯ್ಕೆ ಮಾಡೋರಿಗೂ ಮನೆಯಲ್ಲಿ ಟಿವಿ ಇತ್ತಲ್ಲ, ಅಲ್ಲೇ ಎಡವಟ್ಟಾಗಿದ್ದು.

ಇನ್ನೊಂದು ಸ್ವಾರಸ್ಯ. 1979ರಲ್ಲಿ ಬಿಬಿಸಿಯ ಜಾನ್ ಮಾಟ್ಸನ್ ಸಂದರ್ಶನಕ್ಕೆ ಹೋದಾಗ ಕ್ಲಫ್ ಅವನನ್ನೇ ತರಾಟೆಗೆ ತೆಗೆದುಕೊಂಡ. ಟಿವಿಯವರು ಆಟ ತೋರಿಸೋದು ಬಿಟ್ಟು ನೋಡೋರಿಗೆ ಪಾಠ ಹೇಳ್ತೀರಿ, ನಿಧಾನಗತಿಯ ಚಿತ್ರ ಮತ್ತೆ ಮತ್ತೆ ಹಾಕಿ ರೆಫರಿಯ ಮಾನ ಕಳೀತೀರಿ ಅನ್ನೋದು ಅವನ ಆಕ್ಷೇಪ. ಸ್ಟುಡಿಯೋ ಮಾತಿನಿಂದಲೇ ಹೆಸರಾದವನು ಮಾತು ಕಮ್ಮಿ ಮಾಡಿ ಅಂದ! ಆದರೆ ರೆಫರಿ ವಿಷಯದಲ್ಲಿ ಅವನು ನಡೆದುಕೊಂಡಿದ್ದೂ ಹಾಗೇ. ಫಾರೆಸ್ಟ್ ಆಟಗಾರರು ರೆಫರಿ ಜೊತೆ ಜಗಳಕ್ಕಿಳಿದರೆ ಅವನು ಸಹಿಸುತ್ತಿರಲಿಲ್ಲ. ತನ್ನ ಕ್ಲಬ್ಬಿನ ಅಭಿಮಾನಿಗಳು ಕೆಟ್ಟ ಮಾತು ಕೂಗಿದಾಗ, ದಯವಿಟ್ಟು ಬೈಯಬೇಡಿ ಅಂತ ಸಹಿ ಸಮೇತ ಬೋರ್ಡು ಹಾಕಿಸಿದ.

ಕ್ಯಾಮೆರಾ ಕೂಡ ಅವನನ್ನು ಬಿಡಲಿಲ್ಲ. 1989ರ ಜನವರಿಯಲ್ಲಿ ಪಂದ್ಯ ಮುಗಿದ ಮೇಲೆ ಮೈದಾನಕ್ಕೆ ನುಗ್ಗಿದ ಸ್ವಂತ ಅಭಿಮಾನಿಗಳ ಕೆನ್ನೆಗೆ ಕ್ಲಫ್ ಬಾರಿಸಿದ್ದು ಟಿವಿಯಲ್ಲಿ ಮತ್ತೆ ಮತ್ತೆ ಬಂತು. 5,000 ಪೌಂಡ್ ದಂಡ, ಮೈದಾನದ ಅಂಚಿಗೆ ಬರದಂತೆ ನಿಷೇಧ. ಆಮೇಲೆ ಏಟು ತಿಂದವರೇ ಬಂದು ಕ್ಷಮೆ ಕೇಳಿದರು, ಕ್ಲಫ್ ಕ್ಯಾಮೆರಾ ಮುಂದೆ ಅವರಿಗೆ ಮುತ್ತು ಕೊಟ್ಟ. ಹೊಡೆತ ತಿಂದವರೇ ಕ್ಷಮೆ ಕೇಳೋದು ಯಾವ ನ್ಯಾಯ ಅಂತ ಕೇಳಿದವರೂ ಇದ್ದರು, ಅದೂ ಸರಿಯೇ.

ಟೇಲರ್ ಜೊತೆಗಿನ ಸ್ನೇಹ 1983ರಲ್ಲಿ ಒಬ್ಬ ಆಟಗಾರನ ವರ್ಗಾವಣೆ ವಿಷಯಕ್ಕೆ ಮುರಿದುಬಿತ್ತು. ಇಬ್ಬರೂ ಮತ್ತೆ ಮಾತಾಡಲಿಲ್ಲ. 1990ರಲ್ಲಿ ಟೇಲರ್ ತೀರಿಕೊಂಡ. ಊರಿಗೆಲ್ಲ ಮಾತಾಡಿದವನು ಆ ಒಬ್ಬನ ಜೊತೆ ಆಡದೆ ಉಳಿದ ಮಾತು ಕ್ಲಫ್‌ನನ್ನು ಕೊನೇತನಕ ಕಾಡಿತು. ಕುಡಿತ ಹೆಚ್ಚಾಯಿತು. ಕೊನೇ ವರ್ಷಗಳಲ್ಲಿ ಟಿವಿಯಲ್ಲಿ ಕಂಡ ಕೆಂಪೇರಿದ ಮುಖ, ತಡವರಿಸುವ ಮಾತು ನೋಡಿ ಅವನನ್ನು ಬೈಯುತ್ತಿದ್ದವರೂ ಅಯ್ಯೋ ಅಂದರು. 1993ರಲ್ಲಿ ಫಾರೆಸ್ಟ್ ಕೆಳಗಿನ ಡಿವಿಷನ್‌ಗೆ ಜಾರಿತು, ಕ್ಲಫ್ ನಿವೃತ್ತನಾದ. 2003ರ ಜನವರಿಯಲ್ಲಿ ಯಕೃತ್ತಿನ ಕಸಿ ಮಾಡಿದರು. 2004ರ ಸೆಪ್ಟೆಂಬರ್ 20ರಂದು ಡರ್ಬಿಯ ಆಸ್ಪತ್ರೆಯಲ್ಲಿ, ಹೊಟ್ಟೆಯ ಕ್ಯಾನ್ಸರ್‌ನಿಂದ, 69ನೇ ವಯಸ್ಸಿನಲ್ಲಿ ತೀರಿಕೊಂಡ.

ಶ್ರದ್ಧಾಂಜಲಿ ಸಭೆಯನ್ನು ಡರ್ಬಿಯ ಚರ್ಚಿನಲ್ಲಿ ಇಟ್ಟುಕೊಂಡಿದ್ದರು. ಬರ್ತೀವಿ ಅಂದವರ ಸಂಖ್ಯೆ ನೋಡಿ ಡರ್ಬಿ ಕ್ಲಬ್ಬಿನ ಸ್ಟೇಡಿಯಂಗೆ ಬದಲಾಯಿಸಬೇಕಾಯಿತು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಒಬ್ಬರ ಮುಖ ಒಬ್ಬರು ನೋಡದ ಡರ್ಬಿ, ನಾಟಿಂಗ್‌ಹ್ಯಾಮ್ ಅಭಿಮಾನಿಗಳು ಅಂದು ಒಟ್ಟಿಗೆ ಕೂತರು. ಮುಂದೆ ಮಿಡಲ್ಸ್‌ಬರೋ, ನಾಟಿಂಗ್‌ಹ್ಯಾಮ್, ಡರ್ಬಿ ಮೂರೂ ಕಡೆ ಪ್ರತಿಮೆ ನಿಂತವು. ಡರ್ಬಿಯಲ್ಲಿ ಪ್ರತಿಮೆಯಾಗಿ ನಿಂತಿರೋದು ಅವನೊಬ್ಬನೇ ಅಲ್ಲ, ಪಕ್ಕದಲ್ಲಿ ಟೇಲರ್ ಇದ್ದಾನೆ. ಎರಡೂ ಊರನ್ನು ಸೇರಿಸುವ ಎ52 ಹೆದ್ದಾರಿಗೆ 2005ರಲ್ಲಿ ಬ್ರಿಯಾನ್ ಕ್ಲಫ್ ರಸ್ತೆ ಅಂತ ಹೆಸರಿಟ್ಟರು.